ಅಳತೆಗೋಲಿನ ನಾಲ್ಕು ಬೆರಳು

ಮುಚ್ಚಳ ಕೂರಲಿಲ್ಲ.

ಅಪ್ಪ ಮೇಲಿನಿಂದ ಒತ್ತಿದರು. ಅಮ್ಮ ಹಿಂದಿನಿಂದ ತಳ್ಳಿದರು. ಆರು ವರ್ಷದ ಬಟಾಣಿ ಜೀಪಿನ ಚಕ್ರದ ಮೇಲೆ ಹತ್ತಿ, ಎರಡೂ ಕೈ ಚಾಚಿ, "ಐಸಾ!" ಎಂದು ಕೂಗಿ, ಏನನ್ನೂ ಮುಟ್ಟದೆಯೇ ಸಹಾಯ ಮಾಡಿದ. ಆದರೂ ಜೀಪಿನ ತಲೆಯ ಮೇಲಿನ ಆ ಮುಚ್ಚಳ ಹಿಂದಿನ ತುದಿಯಲ್ಲಿ ಬಾಯಿ ತೆರೆದುಕೊಂಡೇ ಇತ್ತು.

"ಏನೋ ಅಡ್ಡ ಸಿಕ್ಕಿದೆ," ಎಂದರು ಅಪ್ಪ, ಬೆವರು ಒರೆಸಿಕೊಳ್ಳುತ್ತ.

"ಏನೋ ಅಲ್ಲ ರೀ, ಹಲಗೆ. ಇಲ್ಲಿ ನೋಡಿ, ಹೊರಗೆ ಇಣುಕ್ತಾ ಇದೆ," ಎಂದರು ಅಮ್ಮ.

ಅಪ್ಪ ಇಣುಕಿ ನೋಡಿ, ಕೈ ಅಡ್ಡ ಇಟ್ಟು ಅಳೆದರು. "ನಾಲ್ಕು ಬೆರಳು. ಹಲಗೆ ನಾಲ್ಕು ಬೆರಳು ಉದ್ದ ಇದೆ."

ಬಟಾಣಿಯ ಅಕ್ಕ, ಹತ್ತು ವರ್ಷದ ಚೋಟು, ಗೋಡೆಗೆ ಒರಗಿ ಸ್ಕ್ರೂಗಳ ಡಬ್ಬ ಹಿಡಿದು ನಿಂತಿದ್ದಳು. ಅವಳಿಗೆ ಯಾರೂ ಅಳೆದು ಹೇಳಬೇಕಾಗಿರಲಿಲ್ಲ. ನಾಲ್ಕು ಬೆರಳೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಡಬ್ಬವನ್ನು ಎದೆಗೊತ್ತಿಕೊಂಡು ಗೋಡೆಗೆ ಇನ್ನಷ್ಟು ಅಂಟಿಕೊಂಡಳು.

ಈ ಜೀಪು ಮನೆಗೆ ಬಂದು ಎರಡು ವರ್ಷವಾಗಿತ್ತು. ಅದರ ವಯಸ್ಸು ಇಪ್ಪತ್ತೆಂಟು. ಕಲ್ಲಿರಲಿ, ಕೆಸರಿರಲಿ, ಗುಡುಗುಡು ಎಂದು ಹತ್ತಿಬಿಡುವ ಗಟ್ಟಿ ಆಸಾಮಿ. ಅಪ್ಪ ಬಸ್ ಡ್ರೈವರ್. ವಾರವೆಲ್ಲ ಬೇರೆಯವರನ್ನು ಅವರವರ ಊರಿಗೆ ತಲುಪಿಸುವವರಿಗೆ, ಒಂದು ಸಲವಾದರೂ ತಮ್ಮ ಮನೆಯವರನ್ನು ಕೂರಿಸಿಕೊಂಡು ದೂರ ಹೋಗಬೇಕು, ಹೋದಲ್ಲೇ ಮಲಗಬೇಕು, ಬೆಳಿಗ್ಗೆ ಎದ್ದು ಮುಂದಕ್ಕೆ ಹೋಗಬೇಕು ಎಂದು ಆಸೆ. ಅದಕ್ಕೇ ಹಳೆಯ ಜೀಪು. ಅದಕ್ಕೇ ಈ ಮುಚ್ಚಳ.

ಮೊದಲ ದಿನ ಅಪ್ಪ ಮತ್ತು ವೆಲ್ಡಿಂಗ್ ಅಂಕಲ್ ಸೇರಿ ಗ್ರೈಂಡರ್ ಹಿಡಿದು ಜೀಪಿನ ತಲೆಯ ಹಿಂದಿನ ಅರ್ಧವನ್ನು ಕೊಯ್ದು ತೆಗೆದಿದ್ದರು. ಕಿಡಿ ಹಾರುವುದನ್ನು ನೋಡಲಾರದೆ ಅಮ್ಮ ಒಳಗೆ ಹೋಗಿಬಿಟ್ಟಿದ್ದರು. ಪಕ್ಕದ ಮನೆಯ ಅಜ್ಜಿಯಂತೂ ಕಾಂಪೌಂಡಿನ ಮೇಲಿಂದ ತಲೆ ಹಾಕಿ, "ಅಲ್ರೋ, ಮಳೆ ಬರಬಾರದು ಅಂತ ಎಲ್ಲರೂ ತೂತು ಮುಚ್ತಾರೆ. ನೀವು ದುಡ್ಡು ಕೊಟ್ಟು ತಂದ ಗಾಡಿಗೆ ತೂತು ಮಾಡ್ತಿದ್ದೀರಲ್ಲ!" ಎಂದಿದ್ದರು.

ಆ ತೂತಿನ ಸುತ್ತ ಕಬ್ಬಿಣದ ಚೌಕಟ್ಟು ಬಂತು. ಚೌಕಟ್ಟಿನ ಮೇಲೆ ಪೆಟ್ಟಿಗೆಯಂಥ ಮುಚ್ಚಳ. ಮುಂದಿನ ಅಂಚಿಗೆ ಕೀಲು. ಹಿಂದಿನಿಂದ ಎತ್ತಿದರೆ ಎರಡು ಗ್ಯಾಸ್ ರಾಡುಗಳು ಉಸ್ಸೆಂದು ಅದನ್ನು ಮೇಲಕ್ಕೆತ್ತಿ ಹಿಡಿಯುತ್ತಿದ್ದವು. ಗಾಡಿಗಳ ಸೀಟ್ ಕವರ್ ಹೊಲಿಯುವ ಅಮ್ಮ ಸುತ್ತಲೂ ಕ್ಯಾನ್ವಾಸಿನ ಗೋಡೆ ಹೊಲಿದು, ಅದಕ್ಕೊಂದು ಜಿಪ್ ಕಿಟಕಿಯನ್ನೂ ಇಟ್ಟಿದ್ದರು. ಓಡುವಾಗ ಜೀಪು, ನಿಂತಾಗ ಮನೆ. ಕೆಳಗೆ ಅಪ್ಪ, ಅಮ್ಮ ಮತ್ತು ಒಂದು ಮಗು. ಮೇಲೆ, ಕಿಟಕಿಯ ಪಕ್ಕದ ಹಲಗೆಯ ಹಾಸಿಗೆಯಲ್ಲಿ, ಇನ್ನೊಂದು ಮಗು.

ಆ ಇನ್ನೊಂದು ಮಗು ಚೋಟು. ಅದು ಎರಡು ವರ್ಷದ ಹಿಂದೆಯೇ ತೀರ್ಮಾನವಾಗಿತ್ತು. ತೀರ್ಮಾನ ಅಜ್ಜನ ಅಳತೆಗೋಲಿನ ಮೇಲೆ ಇತ್ತು.

ಅಜ್ಜ ಎಂದರೆ ಅಪ್ಪನ ಅಪ್ಪ, ನಲವತ್ತು ವರ್ಷ ಮರಗೆಲಸ ಮಾಡಿದವರು. ಅವರು ಟೇಪು ಮುಟ್ಟುತ್ತಿರಲಿಲ್ಲ. ಒಂದು ಕೆಲಸಕ್ಕೆ ಒಂದು ಕೋಲು. ಆ ಕೆಲಸದ ಎಲ್ಲ ಅಳತೆಯನ್ನೂ ಅದೇ ಕೋಲಿನ ಮೇಲೆ ಉಳಿಯಿಂದ ಸಣ್ಣ ಕಚ್ಚು ಮಾಡಿ ಇಟ್ಟುಕೊಳ್ಳುತ್ತಿದ್ದರು. "ನಂಬರ್ ಆದ್ರೆ ಮರ್ತುಹೋಗುತ್ತೆ. ಕಚ್ಚು ಎಲ್ಲಿಗೆ ಹೋಗುತ್ತೆ?" ಎನ್ನುತ್ತಿದ್ದರು. ಹೋದ ವರ್ಷ ಕಣ್ಣಿಗೆ ಪೊರೆ ಬಂದಾಗಲೂ ಕೋಲಿನ ಮೇಲೆ ಬೆರಳಾಡಿಸಿಯೇ ಕೆಲಸ ಮಾಡಿದ್ದರು.

ಜೀಪಿನ ಕೋಲಿಗೆ ಮೊದಲ ಕಚ್ಚು ಹಾಕಿದಾಗ ಚೋಟುವಿಗೆ ಎಂಟು ವರ್ಷ. ಅಜ್ಜ ಅವಳನ್ನು ಕೋಲಿನ ಪಕ್ಕ ನಿಲ್ಲಿಸಿ, ತಲೆಯ ಮೇಲೆ ನಾಲ್ಕು ಬೆರಳು ಬಿಟ್ಟು ಗುರುತು ಮಾಡಿದ್ದರು. "ಇದು ನಿನ್ನ ಹಾಸಿಗೆ. ಇದಕ್ಕಿಂತ ಉದ್ದ ತೂತು ಮಾಡಿದ್ರೆ ಜೀಪಿಗೆ ಶಕ್ತಿ ಇರಲ್ಲ," ಎಂದಿದ್ದರು.

"ನಂಗೆ?" ಎಂದು ಬಟಾಣಿ ಅತ್ತಿದ್ದ.

"ಹಾಸಿಗೆಯಲ್ಲಿ ಯಾರು ಹಿಡಿಸ್ತಾರೋ ಅವರದ್ದು. ಅಕ್ಕ ಹಿಡಿಸದೆ ಹೋದ್ರೆ ನಿಂದು," ಎಂದು ಅಪ್ಪ ಅವನನ್ನು ಸಮಾಧಾನ ಮಾಡಿದ್ದರು. ಅಪ್ಪ ಅದನ್ನು ಆಗಲೇ ಮರೆತರು. ಬಟಾಣಿ ಮರೆಯಲಿಲ್ಲ. ಚೋಟುವೂ ಮರೆಯಲಿಲ್ಲ.

ಹುಟ್ಟಿದಾಗ ಚೋಟುದ್ದ ಇದ್ದಳೆಂದು ಮನೆಯಲ್ಲಿ ಅವಳು ಚೋಟು. ಶಾಲೆಯಲ್ಲಿ ಈಗ ಅವಳ ಹೆಸರು ಏಣಿ. ಒಂದೂವರೆ ವರ್ಷದಲ್ಲಿ ಅದೇನಾಯಿತೋ, ಅವಳು ಬೆಳೆದದ್ದೇ ಬೆಳೆದದ್ದು. ಸ್ಕರ್ಟಿನ ಅಂಚನ್ನು ಅಮ್ಮ ಎರಡು ಸಲ ಬಿಚ್ಚಿ ಉದ್ದ ಮಾಡಿದರು. ಮಿಸ್ ಅವಳನ್ನು ಎರಡನೆಯ ಬೆಂಚಿನಿಂದ ಎಬ್ಬಿಸಿ, "ಹಿಂದೆ ಇರೋರಿಗೆ ಬೋರ್ಡ್ ಕಾಣಲ್ಲಮ್ಮ," ಎಂದು ಕೊನೆಯ ಬೆಂಚಿಗೆ ಕಳಿಸಿದರು. ಗೆಳತಿ ಎರಡನೆಯ ಬೆಂಚಿನಲ್ಲೇ ಉಳಿದಳು. ಎಲ್ಲ ಕಡೆಯೂ ಅವಳು ಹಿಡಿಸದೆ ಹೋಗುತ್ತಿದ್ದಳು. ತನ್ನ ಅಳತೆಗೇ ಅಂತ ಇದ್ದದ್ದು ಒಂದೇ ಜಾಗ, ಜೀಪಿನ ಮೇಲಿನ ಹಾಸಿಗೆ.

ಹೋದ ತಿಂಗಳು ಅಜ್ಜನ ಶೆಡ್ ಗುಡಿಸಲು ಹೋದವಳು ಸುಮ್ಮನೆ ಕೋಲಿನ ಪಕ್ಕ ನಿಂತು ನೋಡಿದಳು. ಕಚ್ಚು ಅವಳ ಹಣೆಗೆ ಬಂತು.

ಹಿಮ್ಮಡಿ ಸರಿ ಮಾಡಿಕೊಂಡು ಮತ್ತೆ ನಿಂತಳು. ಮತ್ತೆ ಹಣೆಗೇ ಬಂತು.

ಅಜ್ಜ ಆಗ ಒಳಗೆ ಕಣ್ಣಿಗೆ ಹನಿ ಹಾಕಿಸಿಕೊಂಡು ಮಲಗಿದ್ದರು. ಪೊರೆ ತೆಗೆಸಿದ ಮೇಲೆ ದಿನಾ ಮಧ್ಯಾಹ್ನ ಅರ್ಧ ಗಂಟೆ ಕಣ್ಣು ಮುಚ್ಚಿರಬೇಕಿತ್ತು. ಆ ಅರ್ಧ ಗಂಟೆಯಲ್ಲಿ ಚೋಟು ಸಣ್ಣ ಉಳಿ ತೆಗೆದುಕೊಂಡು, ಹಳೆಯ ಕಚ್ಚಿಗಿಂತ ನಾಲ್ಕು ಬೆರಳು ಮೇಲೆ ಹೊಸ ಕಚ್ಚು ಹಾಕಿದಳು. ಹಳೆಯದಕ್ಕೆ ಮರದ ಪುಡಿ ಮತ್ತು ಅಂಟು ಕಲಸಿ ತುಂಬಿದಳು. ಒಣಗಿದ ಮೇಲೆ ಸ್ಯಾಂಡ್ ಪೇಪರ್ ಹಿಡಿದು ಉಜ್ಜಿದಳು. ಇದೆಲ್ಲ ಅಜ್ಜ ಕಲಿಸಿದ ವಿದ್ಯೆಯೇ.

ಮರುದಿನವೇ ಅಜ್ಜ ಕೋಲು ತೆಗೆದು, ಹೊಸ ಕಚ್ಚಿಗೆ ಬೆರಳಿಟ್ಟು, ಹಾಸಿಗೆಯ ಹಲಗೆ ಕೊಯ್ದರು. ಚೋಟುವಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮುಚ್ಚಳವನ್ನೂ ಅದೇ ಕೋಲಿನ ಹಳೆಯ ಕಚ್ಚಿಗೆ ಅಳೆದು, ಐದು ತಿಂಗಳ ಹಿಂದೆಯೇ ಮಾಡಿ ಮುಗಿಸಿದ್ದಾರೆ ಎಂಬುದು ಅವಳ ತಲೆಗೆ ಹೊಳೆದಿರಲೇ ಇಲ್ಲ. ಪೇಂಟಿಗೆ ಹೋಗಿದ್ದ ಮುಚ್ಚಳ ನಿನ್ನೆ ಬಂತು. ಇವತ್ತು ಕೂರಲಿಲ್ಲ. ಶನಿವಾರ ಹೊರಡಬೇಕು.

"ಹಲಗೆ ತಪ್ಪಿರೋಕೆ ಸಾಧ್ಯ ಇಲ್ಲ," ಎಂದರು ಅಜ್ಜ. ಶೆಡ್ಡಿನಿಂದ ಕೋಲು ತಂದು ಹಲಗೆಯ ಮೇಲಿಟ್ಟರು. ಕಚ್ಚಿಗೂ ಹಲಗೆಯ ಅಂಚಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. "ನೋಡು. ಮುಚ್ಚಳವೇ ಗಿಡ್ಡ."

ಅಪ್ಪ ಫೋನ್ ಮಾಡಿದರು. ವೆಲ್ಡಿಂಗ್ ಅಂಕಲ್ ಸ್ಕೂಟರಿನಲ್ಲಿ ಬಂದರು. ಕಾಲಿನ ಹತ್ತಿರ ಒಂದು ಉದ್ದ ಕಬ್ಬಿಣದ ಸಲಾಕೆ ಇಟ್ಟುಕೊಂಡಿದ್ದರು.

"ಏನ್ ಸಾರ್, ಮುಚ್ಚಳ ಹಾರಿಹೋಯ್ತಾ?"

"ಹಾರಿಹೋಗಿಲ್ಲ, ಕೂರ್ತಾನೇ ಇಲ್ಲ. ನಾಲ್ಕು ಬೆರಳು ಕಮ್ಮಿ ಮಾಡಿದ್ದೀರಿ."

"ನಾನಾ? ಕಮ್ಮಿನಾ?" ಅಂಕಲ್ ಮುಖ ಕೆಂಪಾಯಿತು. "ಆವತ್ತು ನಿಮ್ಮ ತಂದೆಯವರೇ ಕೋಲು ಹಿಡಿದು ನಿಂತಿದ್ರು. ಅವರು ಬೆರಳಿಟ್ಟ ಕಡೆಗೇ ಈ ಸಲಾಕೆ ಕೊಯ್ದೆ. ಈ ಸಲಾಕೆ ಇಟ್ಟೇ ಮುಚ್ಚಳ ಮಾಡಿದ್ದು. ಬೇಕಾದ್ರೆ ಪಕ್ಕದಲ್ಲಿ ಇಟ್ಟು ನೋಡಿ."

ಇಟ್ಟು ನೋಡಿದರು. ಸಲಾಕೆಯ ತುದಿ ಕಚ್ಚಿಗಿಂತ ನಾಲ್ಕು ಬೆರಳು ಕೆಳಗೇ ನಿಂತಿತು. ಮುಚ್ಚಳಕ್ಕೂ ಸಲಾಕೆಗೂ ಸರಿಹೋಯಿತು. ಕೋಲಿಗೂ ಸಲಾಕೆಗೂ ಸರಿಹೋಗಲಿಲ್ಲ.

ಎಲ್ಲರ ಕಣ್ಣೂ ಅಜ್ಜನ ಕಡೆ ತಿರುಗಿದವು.

ಅಜ್ಜ ಕೋಲನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳು ಆಡಿಸಿದರು. ಬೆರಳು ಹೊಸ ಕಚ್ಚಿನಿಂದ ಇಳಿದು, ಚೋಟು ತುಂಬಿ ಉಜ್ಜಿದ್ದ ಜಾಗದ ಮೇಲೂ ಹೋಯಿತು. ಚೋಟು ಉಸಿರು ಬಿಗಿಹಿಡಿದಳು. ಬೆರಳು ನಿಲ್ಲದೆ ಮುಂದಕ್ಕೆ ಹೋಯಿತು.

"ನಾನೇ ತಪ್ಪು ತೋರಿಸಿದ್ದೀನಿ," ಎಂದರು ಅಜ್ಜ. "ಆಗಿನ್ನೂ ಪೊರೆ ತೆಗೆಸಿರಲಿಲ್ಲ. ಬೆರಳು ಎಲ್ಲಿಟ್ಟೆನೋ ಏನೋ."

"ಹೋಗ್ಲಿ ಬಿಡಿ ಅಪ್ಪಾ, ವಯಸ್ಸಾದ ಮೇಲೆ ಇದೆಲ್ಲ ಇದ್ದಿದ್ದೇ," ಎಂದರು ಅಪ್ಪ. ಸಮಾಧಾನ ಮಾಡಲೆಂದೇ ಹೇಳಿದ್ದು. ಆದರೆ ಅಜ್ಜನ ಮುಖ ಇನ್ನಷ್ಟು ಸಪ್ಪೆಯಾಯಿತು.

ಅಂಕಲ್‌ಗೂ ಪಾಪ ಎನಿಸಿತು. "ಅಯ್ಯೋ, ಇದೇನು ಮಹಾ? ಮುಚ್ಚಳದ ಹಿಂದಕ್ಕೆ ನಾಲ್ಕು ಬೆರಳು ಪಟ್ಟಿ ಬೆಸೆದು ಕೊಡ್ತೀನಿ. ಹಲಗೆ ಹಾಗೇ ಇರ್ಲಿ. ನಾಳೆ ಬೆಳಿಗ್ಗೆ ಬಂದು ತಗೊಂಡು ಹೋಗ್ತೀನಿ."

"ಕ್ಯಾನ್ವಾಸಿಗೂ ಒಂದು ತುಂಡು ಸೇರಿಸಿದ್ರೆ ಆಯ್ತು," ಎಂದರು ಅಮ್ಮ.

ಅಷ್ಟೇ. ಎಲ್ಲ ಸರಿಹೋಗಿಬಿಟ್ಟಿತು. ಉದ್ದನೆಯ ಹಲಗೆ, ಉದ್ದನೆಯ ಮುಚ್ಚಳ, ಕಿಟಕಿ ಪಕ್ಕದ ಹಾಸಿಗೆ. ಚೋಟು ಕೇಳಿದ್ದೆಲ್ಲ ಕೇಳದೆಯೇ ಸಿಕ್ಕಿತು. ಅವಳ ಮೇಲೆ ಯಾರಿಗೂ ಎಳ್ಳಷ್ಟು ಅನುಮಾನವಿಲ್ಲ. ಅವಳು ಬಾಯಿಗೆ ಬೀಗ ಹಾಕಿಕೊಂಡು ಶನಿವಾರದವರೆಗೆ ಇದ್ದರೆ ಸಾಕು.

ಮಧ್ಯಾಹ್ನ ಊಟಕ್ಕೆ ಅಜ್ಜ ಬರಲಿಲ್ಲ. "ಹೋಗಿ ಕರ್ಕೊಂಡು ಬಾ," ಎಂದು ಅಮ್ಮ ಚೋಟುವನ್ನು ಶೆಡ್ಡಿಗೆ ಕಳಿಸಿದರು.

ಅಜ್ಜ ನೆಲದ ಮೇಲೆ ಕೂತು ಉಳಿಗಳನ್ನು ಒಂದೊಂದಾಗಿ ಒರೆಸಿ, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತುತ್ತಿದ್ದರು. ಸಂಜೆ ಕೆಲಸ ಮುಗಿಸಿ ಇಡುವ ರೀತಿ ಅದಲ್ಲ. ಸಂಜೆ ಅವರು ಉಳಿಗಳನ್ನು ಗೋಡೆಗೆ ತೂಗುಹಾಕುತ್ತಿದ್ದರು. ಇವತ್ತು ಗೋಡೆಯ ಮೊಳೆಗಳೆಲ್ಲ ಖಾಲಿಯಾಗಿದ್ದವು.

"ಏನ್ ಮಾಡ್ತಿದ್ದೀಯಜ್ಜ?"

"ಕಟ್ಟಿಡ್ತಿದ್ದೀನಿ. ಅಂಕಲ್ ಮಗ ಮರಗೆಲಸ ಕಲೀತಾ ಇದ್ದಾನಂತೆ. ನಾಳೆ ಬಂದಾಗ ಕೊಟ್ಟು ಕಳಿಸ್ತೀನಿ. ಇಲ್ಲಿ ಇಟ್ಕೊಂಡು ಏನ್ ಮಾಡ್ಲಿ?"

"ನೀನು ಕೆಲಸ ಮಾಡಲ್ವಾ?"

"ಕಣ್ಣು ಹೋದ್ರೂ ಬೆರಳಿದೆ ಅಂದ್ಕೊಂಡಿದ್ದೆ ಪುಟ್ಟಾ. ಈಗ ಬೆರಳೂ ಕೈಕೊಡ್ತು." ಅಜ್ಜ ಪಕ್ಕದಲ್ಲಿದ್ದ ಒಂದು ತುಂಡು ಹಲಗೆ ಎತ್ತಿ ಅವಳಿಗೆ ತೋರಿಸಿದರು. ಅದರ ಮೇಲೆ ಪೆನ್ಸಿಲಿನ ಗೆರೆಯೊಂದಿತ್ತು. "ಇದು ನೇರ ಇದೆಯಾ, ಸ್ವಲ್ಪ ನೋಡಿ ಹೇಳು."

ಗೆರೆ ನೇರವಾಗಿಯೇ ಇತ್ತು. ಅಜ್ಜನ ಗೆರೆ ಯಾವತ್ತೂ ನೇರವೇ. ಆದರೆ ಅಜ್ಜ ಈವರೆಗೆ ಒಬ್ಬರನ್ನೂ ಹಾಗೆ ಕೇಳಿದವರಲ್ಲ. ಕೇಳಿದಾಗ ಅವರ ದನಿ ಬಟಾಣಿಯ ದನಿಯಷ್ಟು ಸಣ್ಣದಾಗಿತ್ತು.

"ಬಂದೆ ಅಜ್ಜ," ಎಂದವಳೇ ಚೋಟು ಮನೆಯೊಳಗೆ ಓಡಿದಳು. ಸ್ಕೂಲ್ ಬ್ಯಾಗಿನಿಂದ ಕಂಪಾಸ್ ಬಾಕ್ಸ್ ತೆಗೆದು, ಅದರಿಂದ ಕೈವಾರ ತೆಗೆದುಕೊಂಡು ಹಿಂದಕ್ಕೆ ಓಡಿದಳು. ಕೋಲನ್ನು ತೊಡೆಯ ಮೇಲಿಟ್ಟುಕೊಂಡು, ಮುಳ್ಳಿನಿಂದ ಒಂದು ಜಾಗವನ್ನು ಕೆರೆಯತೊಡಗಿದಳು. ಒಣಗಿದ ಪುಡಿ ಚಕ್ಕೆ ಚಕ್ಕೆಯಾಗಿ ಉದುರಿತು. ಕೊನೆಗೆ ಉಫ್ ಎಂದು ಊದಿ ಕೋಲನ್ನು ಅಜ್ಜನ ಕೈಗೆ ಕೊಟ್ಟಳು.

"ನಿನ್ ಬೆರಳು ತಪ್ಪಿಲ್ಲ ಅಜ್ಜ."

ಅಜ್ಜನ ಹೆಬ್ಬೆರಳು ಮೇಲಿನಿಂದ ಇಳಿಯಿತು. ಈ ಸಲ ಹಳೆಯ ಕಚ್ಚಿನಲ್ಲಿ ಸಿಕ್ಕಿಕೊಂಡು ನಿಂತಿತು. ಅಜ್ಜ ಕೋಲನ್ನು ಬೆಳಕಿಗೆ ಹಿಡಿದರು.

"ಯಾರು ತುಂಬಿದ್ದು?" ಎಂದು ಕೇಳಿದರು.

"ನಾನು."

"ಪುಡಿ ಯಾವ ಮರದ್ದು?"

"ಇದೇ ಕೋಲಿನ ತುದಿ ಉಜ್ಜಿ ತಗೊಂಡೆ. ಅದೇ ಮರದ್ದಾದ್ರೆ ಬಣ್ಣ ಗೊತ್ತಾಗಲ್ಲ ಅಂತ ನೀನೇ ಹೇಳಿದ್ಯಲ್ಲ."

"ಅಂಟು?"

"ಸ್ವಲ್ಪವೇ ಹಾಕ್ದೆ. ಜಾಸ್ತಿ ಆದ್ರೆ ಹೊಳೆಯುತ್ತೆ."

"ಹೂಂ," ಎಂದರು ಅಜ್ಜ. "ಚೆನ್ನಾಗೇ ತುಂಬಿದ್ದೀಯ. ನಂಗೇ ಗೊತ್ತಾಗಲಿಲ್ಲ." ಆಮೇಲೆ ಅವರ ದನಿ ಗಡುಸಾಯಿತು. "ಬೆಳಿಗ್ಗೆಯಿಂದ ನೋಡ್ತಾ ನಿಂತಿದ್ದೆಯಲ್ಲೇ. ಎಲ್ಲರ ಮುಂದೆ ನಾನು ತಪ್ಪು ಒಪ್ಕೊಂಡಾಗ್ಲೂ ನೀನು ನಿಂತೇ ಇದ್ದೆ."

ಅದಕ್ಕಿಂತ ಎರಡು ಬಾರಿಸಿದ್ದರೆ ಚೆನ್ನಾಗಿತ್ತು ಎನಿಸಿತು ಚೋಟುವಿಗೆ. ಅಳು ಒತ್ತರಿಸಿಕೊಂಡು ಬಂತು. "ನಾನು ಉದ್ದ ಆಗ್ಬಿಟ್ಟೆ ಅಜ್ಜಾ!" ಎಂದಳು ಬಿಕ್ಕುತ್ತ. "ಹಿಡಿಸದೆ ಹೋದ್ರೆ ಬಟಾಣಿಗೆ ಕೊಟ್ಬಿಡ್ತೀರ. ಸ್ಕೂಲಲ್ಲೂ ಹಿಂದೆ ಹಾಕಿದ್ದಾರೆ."

ಅಜ್ಜ ಹೆಗಲ ಮೇಲಿನ ಟವೆಲ್ ತೆಗೆದು ಅವಳ ಮೂಗು ಒರೆಸಿದರು. ಟವೆಲ್ಲಿಗೆ ಎಣ್ಣೆಯ ವಾಸನೆ ಇತ್ತು.

"ಮೊದ್ಲು ನಿಮ್ಮಪ್ಪನಿಗೆ ಹೇಳಿ ಬಾ. ಆಮೇಲೆ ಅಂಕಲ್‌ಗೆ ಫೋನ್ ಮಾಡು. ನೀನೇ ಮಾಡ್ಬೇಕು. ಪಟ್ಟಿಗಿಟ್ಟಿ ಏನೂ ಬೇಡ ಅನ್ನು. ಆ ಹಲಗೆ ಕೊಯ್ಯೋದೂ ನೀನೇ."

ಅಪ್ಪನಿಗೆ ಸಿಟ್ಟು ಬಂತು, ಬರಲೇಬೇಕಿತ್ತು. ಚೋಟು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು. "ಕೋಲಿಗೇ ಮೇಕಪ್ ಮಾಡಿದ್ದೀಯಲ್ಲೇ!" ಎಂದು ಅಮ್ಮ ಬೆರಗಾದರು. ಅಂಕಲ್ ಫೋನಿನಲ್ಲಿ, "ಸದ್ಯ, ನನ್ ಸಲಾಕೆ ಮಾನ ಉಳಿಸ್ದೆ ತಾಯಿ," ಎಂದು ನಕ್ಕರು.

ಅಪ್ಪ ಶೆಡ್ಡಿನ ಬಾಗಿಲಲ್ಲಿ ಬಂದು ನಿಂತು ತಲೆ ಕೆರೆದುಕೊಂಡರು. "ಅಪ್ಪಾ, ನಾನು ಬೆಳಿಗ್ಗೆ ಏನೋ ವಯಸ್ಸು ಅಂತ..."

"ಆ ಕಡೆ ತುದಿ ಹಿಡ್ಕೋ," ಎಂದರು ಅಜ್ಜ.

ಅಜ್ಜ ಹಳೆಯ ಕಚ್ಚಿಗೆ ಬೆರಳಿಟ್ಟು ಹಲಗೆಯ ಮೇಲೆ ಗೆರೆ ಎಳೆದರು. ನೇರ ಇದೆಯಾ ಎಂದು ಯಾರನ್ನೂ ಕೇಳಲಿಲ್ಲ. ಚೋಟು ಗರಗಸ ಹಿಡಿದಳು. ಕೈ ನೋಯುವವರೆಗೆ ಕೊಯ್ದಳು, ನಿಂತಳು, ಮತ್ತೆ ಕೊಯ್ದಳು. ನಾಲ್ಕು ಬೆರಳಿನ ತುಂಡು ಟಪ್ಪೆಂದು ಕೆಳಗೆ ಬಿತ್ತು. ಬಟಾಣಿ ಅದನ್ನು ತನ್ನ ಕಾರುಗಳಿಗೆ ಸೇತುವೆ ಮಾಡಲು ಎತ್ತಿಕೊಂಡು ಓಡಿದ.

ಹಲಗೆ ಜೋಡಿಸಿದರು. ಅಪ್ಪ ಒಂದೇ ಕೈಯಲ್ಲಿ ಮುಚ್ಚಳ ಇಳಿಸಿದರು. ಅದು ಡಬ್ಬದ ಮುಚ್ಚಳದ ಹಾಗೆ ಕೂತುಕೊಂಡಿತು. ಎರಡೂ ಚಿಲಕ ಬಿದ್ದವು. ಕಾಂಪೌಂಡಿನ ಮೇಲಿಂದ ಪಕ್ಕದ ಮನೆಯ ಅಜ್ಜಿ, "ಅಂತೂ ತೂತು ಮುಚ್ಚಿದ್ರಾ?" ಎಂದು ಕೇಳಿದರು.

"ಈಗ ಎತ್ತು. ಚೋಟು, ಮೇಲೆ ಹತ್ತಿ ಮಲಗು, ನೋಡೋಣ," ಎಂದರು ಅಜ್ಜ.

ಚೋಟುವಿಗೆ ಮನಸ್ಸಿರಲಿಲ್ಲ. ಆದರೂ ಹತ್ತಿದಳು. ಕ್ಯಾನ್ವಾಸಿನ ಹೊಸ ವಾಸನೆ. ಜಿಪ್ ಕಿಟಕಿಯಲ್ಲಿ ಎದುರು ಮನೆಯ ನೀರಿನ ಟ್ಯಾಂಕು, ಅದರ ಹಿಂದೆ ಸಂಜೆಯ ಆಕಾಶ. ಮಲಗಿದಳು. ತಲೆ ಒಂದು ಕಡೆ ತಗಡಿಗೆ ತಾಗಿತು, ಪಾದ ಇನ್ನೊಂದು ಕಡೆ. ಮಂಡಿ ಮಡಚಬೇಕಾಯಿತು.

"ಹಿಡಿಸ್ಲಿಲ್ಲ! ಅಕ್ಕ ಹಿಡಿಸ್ಲಿಲ್ಲ! ನಂದು!" ಎಂದು ಬಟಾಣಿ ಕೆಳಗೆ ಕುಣಿದ.

ಚೋಟು ಎದ್ದು ಕೂತಳು. "ಅವನಿಗೇ ಕೊಡಿ," ಎಂದಳು. ಹೇಳುವಾಗ ಹೊಟ್ಟೆ ಉರಿಯಿತು, ಆದರೂ ಹೇಳಿದಳು.

"ಸ್ವಲ್ಪ ತಡಿಯೇ," ಎಂದರು ಅಜ್ಜ. ಮೆಟ್ಟಿಲಿನ ಮೇಲೆ ನಿಂತು ಕೋಲನ್ನು ಒಳಗೆ ತೂರಿಸಿ, ಹಲಗೆಯ ಮೇಲೆ ಇಟ್ಟರು. ಉದ್ದಕ್ಕೆ ಇಡಲಿಲ್ಲ. ಈ ಮೂಲೆಯಿಂದ ಆ ಮೂಲೆಗೆ ಓರೆಯಾಗಿ ಇಟ್ಟರು. "ನೀನು ಹಾಕಿದ ಗುರುತು ಎಲ್ಲಿಗೆ ಬಂತು?"

ಚೋಟು ಬಗ್ಗಿ ನೋಡಿದಳು. ಅವಳ ಹೊಸ ಕಚ್ಚು ಹಲಗೆಯ ಒಳಗೇ ಇತ್ತು. ಅದರಾಚೆ ಇನ್ನೂ ಒಂದು ಹಿಡಿ ಜಾಗ ಉಳಿದಿತ್ತು.

ಅವಳು ಮೂಲೆಯಿಂದ ಮೂಲೆಗೆ ಮಲಗಿದಳು. ಕಾಲು ನೀಡಿದಳು. ಪಾದಕ್ಕೆ ಏನೂ ತಾಗಲಿಲ್ಲ. ಇನ್ನಷ್ಟು ನೀಡಿದಳು. ಆಗಲೂ ತಾಗಲಿಲ್ಲ.

"ಇಷ್ಟೇನಾ?" ಎಂದಳು.

"ಇಷ್ಟೇ. ಬಂದು ಕೇಳಿದ್ರೆ ಆವತ್ತೇ ಹೇಳ್ತಿದ್ದೆ."

"ಮುಂದಿನ ವರ್ಷ?"

"ಮುಂದಿನ ವರ್ಷ ನಿನ್ನ ಕಾಲು ಕಿಟಕಿಯಿಂದ ಹೊರಗೆ. ಅದ್ರ ಮೇಲೆ ಬಟ್ಟೆ ಒಣಹಾಕಬಹುದು," ಎಂದರು ಅಜ್ಜ. ಚೋಟುವಿಗೆ ನಗು ಬಂತು. ಬೆಳಿಗ್ಗೆಯಿಂದ ಇದೇ ಮೊದಲ ನಗು.

ಶೆಡ್ಡಿನಲ್ಲಿ ಉಳಿಗಳನ್ನು ಮತ್ತೆ ಮೊಳೆಗಳಿಗೆ ತೂಗುಹಾಕಲು ಅವಳೇ ಅಜ್ಜನ ಜೊತೆ ನಿಂತಳು. ಕೊನೆಗೆ ಕೋಲು ಉಳಿಯಿತು. ಅದರ ಮೇಲೆ ಈಗ ಎರಡು ಕಚ್ಚು.

"ಮೇಲಿನ ಕಚ್ಚನ್ನ ತುಂಬಿಬಿಡ್ಲಾ ಅಜ್ಜ? ಸುಳ್ಳು ಗುರುತು ಅದು."

"ಕದ್ದು ಹಾಕಿದ್ದು ನಿಜ. ಆದ್ರೆ ಅಳತೆ ಸುಳ್ಳಲ್ಲ. ಆವತ್ತು ನೀನು ಅಷ್ಟಿದ್ದೆ, ಇವತ್ತು ಇಷ್ಟಿದ್ದೀಯ. ಎರಡೂ ಇರ್ಲಿ." ಅಜ್ಜ ಕೈ ತೊಳೆಯಲು ನಲ್ಲಿಯ ಕಡೆ ಹೋದರು.

ಬಟಾಣಿ ಓಡಿ ಬಂದ. ಕೋಲಿಗೆ ಬೆನ್ನು ಕೊಟ್ಟು ಸೈನಿಕನ ಹಾಗೆ ನಿಂತ. "ಅಕ್ಕಾ, ನಂಗೂ ಹಾಕು."

"ಹಿಮ್ಮಡಿ ಕೆಳಗಿಡು, ಕಳ್ಳ."

ಅವನು ಹಿಮ್ಮಡಿ ಇಳಿಸಿದ. ತಲೆ ಹಳೆಯ ಕಚ್ಚಿಗಿಂತ ಒಂದು ಗೇಣು ಕೆಳಗೆ ನಿಂತಿತು. ಒಂದು ಗೇಣು ಎಂದರೆ ಬಹಳವೇನಲ್ಲ. ತಾನು ಹೆಚ್ಚುಕಡಿಮೆ ಅಷ್ಟನ್ನೂ ಒಂದೂವರೆ ವರ್ಷದಲ್ಲೇ ಬೆಳೆದದ್ದು ಚೋಟುವಿಗೆ ನೆನಪಾಯಿತು. ಇವನ ಪ್ಯಾಂಟೂ ಗಿಡ್ಡವಾಗುತ್ತದೆ. ಇವನನ್ನೂ ಯಾರೋ ಏನೋ ಎಂದು ಕರೆಯುತ್ತಾರೆ. ಅವಳು ಅವನ ತಲೆಯ ಮೇಲೆ ನಾಲ್ಕು ಬೆರಳು ಇಟ್ಟಳು, ಅಜ್ಜ ತನಗೆ ಇಟ್ಟ ಹಾಗೆಯೇ. ಇನ್ನೊಂದು ಕೈಯಲ್ಲಿ ಸಣ್ಣ ಉಳಿ ತೆಗೆದುಕೊಂಡು ಮರಕ್ಕೆ ತಾಗಿಸಿದಳು.

ಆಮೇಲೆ ಉಳಿಯನ್ನು ಹಾಗೇ ಹಿಡಿದುಕೊಂಡು ನಲ್ಲಿಯ ಕಡೆ ತಿರುಗಿ ಕೂಗಿದಳು.

"ಅಜ್ಜಾ, ಸ್ವಲ್ಪ ಬಾ. ಒಂದು ಗುರುತು ಹಾಕ್ಬೇಕು."